ಐರ್ಲೆಂಡಿಗೆ ಹೊರಟ ಪೆಟ್ಟಿಗೆ

ಸಿಸ್ಟರುಗಳೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಜಪಮಾಲೆಯ ಸದ್ದು ಕೇಳಿದರೆ ಸಾಕು, ಈ ತುದಿಯಲ್ಲಿ ನಾವು ಉಗುರು, ರಿಬ್ಬನ್ನು, ಮನಸ್ಸಾಕ್ಷಿ ಎಲ್ಲವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುತ್ತಿದ್ದೆವು. ಮದುವೆಯಾಗಿ ಗಂಡನ ಹಿಂದೆ ಲಂಡನ್ನಿಗೆ ಬಂದಾಗ, ಇನ್ನಾದರೂ ಈ ಕಾಟ ತಪ್ಪಿತು ಅಂದುಕೊಂಡಿದ್ದೆ. ಎಲ್ಲಿಯ ಮಾತು! ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಸಿಕ್ಕ ಕೆಲಸವೇ ಅಲ್ಲಿನ ಇಲ್ಫರ್ಡ್ ಎಂಬ ಬಡಾವಣೆಯ ಒಂದು ಕಾನ್ವೆಂಟಿನಲ್ಲಿ.

ಅದು ಐರಿಶ್ ಕನ್ಯಾಸ್ತ್ರೀಯರ ಸಂಸ್ಥೆ. ಒಂದು ಕಾಲದಲ್ಲಿ ಅಲ್ಲಿ ಊಟಕ್ಕೆ ಕೂರಲು ಜಾಗ ಸಾಲುತ್ತಿರಲಿಲ್ಲವಂತೆ; ನಾನು ಹೋಗುವಾಗ ಮೂವರೇ ಉಳಿದಿದ್ದರು, ಮೂವರಿಗೂ ಮಂಡಿನೋವು. ಮನೆ ಮುಚ್ಚುವುದೆಂದು ತೀರ್ಮಾನವಾಗಿತ್ತು. ಹಾಗೆ ಮುಚ್ಚಿದರೆ ಕಾಗದಪತ್ರವೆಲ್ಲ ಐರ್ಲೆಂಡಿನ ಮದರ್ ಹೌಸಿನ, ಅಂದರೆ ಸಂಸ್ಥೆಯ ಮೂಲಮನೆಯ, ಪತ್ರಾಗಾರಕ್ಕೆ ಹೋಗಬೇಕೆಂಬುದು ಅವರ ನಿಯಮ. ಮನೆಯ ದಿನಚರಿ, ಜೊತೆಗೆ ಆ ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬ ಸಿಸ್ಟರಿಗೂ ಒಂದೊಂದು ಫೈಲು. ಅದನ್ನೆಲ್ಲ ವಿಂಗಡಿಸಿ ಟೈಪ್ ಮಾಡಲು ಜನ ಬೇಕಾಗಿತ್ತು. ಮೊದಲು ಬಂದ ಇಂಗ್ಲಿಷ್ ಹೆಂಗಸಿಗೆ ಆ ಹಳೇ ಕೈಬರಹ ಓದಲಾಗಲಿಲ್ಲವಂತೆ. ನನಗೋ ಅದು ನೀರು ಕುಡಿದಷ್ಟು ಸುಲಭ. ಮಂಗಳೂರಿನಲ್ಲಿ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ನಮಗೆ ಕಲಿಸಿದ್ದೂ ಅದೇ ಓರೆ, ಅದೇ ಬಾಲದ ಅಕ್ಷರ.

ಕಾಗದಗಳ ಹೊಣೆ ಹೊತ್ತಿದ್ದ ಸಿಸ್ಟರಿಗೆ ಎಪ್ಪತ್ತು ದಾಟಿತ್ತು. ಉದ್ದನೆಯ ಕಪ್ಪು ಉಡುಪನ್ನು ಬಿಟ್ಟು ವರ್ಷಗಳಾಗಿದ್ದವು. ಬೂದು ಸ್ಕರ್ಟು, ಕಾರ್ಡಿಗನ್ನು, ಕತ್ತಿನಲ್ಲೊಂದು ಪುಟ್ಟ ಶಿಲುಬೆ. ಅವರು ಆಡುತ್ತಿದ್ದುದು ಇಂಗ್ಲಿಷೇ, ಆದರೆ ನನ್ನ ತಲೆಯಲ್ಲಿ ಅದು ನಮ್ಮ ಕಡೆಯ ಕನ್ನಡವಾಗಿ ಕೂತುಬಿಟ್ಟಿದೆ, ಹಾಗೇ ಬರೆಯುತ್ತೇನೆ. ಮನೆಯೊಳಗೆ ಅವರ ಬಾಯಿಗೆ ಬಿಡುವೇ ಇರಲಿಲ್ಲ. "ಪಿನ್ನು ಹಾಕ್ಬೇಡ, ತುಕ್ಕು ಹಿಡೀತದೆ! ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸ್ತೀಯಲ್ಲ, ನೀನೆಂತ ಬೀಡಾ ಅಂಗಡಿಯವಳಾ?" ನಾನು ತಲೆತಗ್ಗಿಸಿ "ಸಾರಿ ಸಿಸ್ಟರ್" ಅನ್ನುತ್ತಿದ್ದೆ, ಎರಡು ಮಕ್ಕಳ ತಾಯಿ ಅನ್ನುವುದೂ ಮರೆತು.

ಗೇಟು ದಾಟಿದರೆ ಮಾತ್ರ ಅವರ ಬಾಯಿಗೆ ಬೀಗ. ಅಂಗಡಿಯಲ್ಲಿ ಬ್ರೆಡ್ ಕೇಳಬೇಕಾದರೂ ನನ್ನ ಸೊಂಟಕ್ಕೆ ತಿವಿಯುತ್ತಿದ್ದರು, ನೀನು ಕೇಳು ಅಂತ. ಅದು ಬ್ರಿಟಿಷರ ಮೇಲೆ ಮುನಿದ ಐರಿಶ್ ಉಗ್ರರು ಲಂಡನ್ನಿನಲ್ಲಿ ಬಾಂಬಿಡುತ್ತಿದ್ದ ಕಾಲ. ಸ್ಟೇಷನ್ನುಗಳಿಂದ ಕಸದ ಡಬ್ಬಿಗಳನ್ನೇ ಎತ್ತಿಬಿಟ್ಟಿದ್ದರು, ಅದರಲ್ಲಿ ಬಾಂಬ್ ಇಡುತ್ತಾರೆಂದು. ಐರಿಶ್ ರಾಗದ ಮಾತು ಕಿವಿಗೆ ಬಿದ್ದರೆ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಹಿಂದೊಮ್ಮೆ, ಎಲ್ಲೋ ಬಾಂಬ್ ಸಿಡಿದ ಮರುದಿನ, ಟಿಕೆಟ್ ಕೇಳಲು ಬಾಯಿ ತೆರೆದ ಸಿಸ್ಟರ ಮುಖಕ್ಕೆ ಒಬ್ಬಾಕೆ ಉಗಿದಿದ್ದಳಂತೆ. "ನಿನ್ನ ಇಂಗ್ಲಿಷಿಗೆ ಯಾರೂ ಹೆದರುದಿಲ್ಲ. ನೀನೇ ಮಾತಾಡು" ಅನ್ನುತ್ತಿದ್ದರು ನನಗೆ.

ಫೈಲುಗಳನ್ನು ಜೋಡಿಸುವಾಗ ಒಂದು ತೆಳ್ಳಗಿನ ಫೈಲು ಬಂತು. ಮನೆತನದ ಹೆಸರು ಸಿಸ್ಟರದ್ದೇ. ನಾನು ತಲೆಯೆತ್ತಿ ನೋಡಿದೆ.

"ನನ್ನ ತಂಗಿ" ಅಂದರು. "ನಾನು ಸೇರಿದ ಮೇಲೆ ಅವಳೂ ಬಂದಳು. ನನ್ನನ್ನು ನೋಡಿಯೇ ಬಂದದ್ದು."

ತಂಗಿಯನ್ನು ಲಂಡನ್ನಿನ ಈ ಮನೆಗೆ ಕಳಿಸಿದರು, ಅಕ್ಕನನ್ನು ಐರ್ಲೆಂಡಿನಲ್ಲೇ ಇಟ್ಟುಕೊಂಡರು. ತಂಗಿಗೆ ಎದೆಯ ಕಾಯಿಲೆ ಹತ್ತಿತು. ಹೋಗಿ ನೋಡಲು ಅಕ್ಕ ಅನುಮತಿ ಕೇಳಿದರು. ಅನುಮತಿ ಬರುವ ಹೊತ್ತಿಗೆ ಮಣ್ಣೂ ಆಗಿತ್ತು. ಅಕ್ಕನಿಗೆ ಈ ಮನೆಗೆ ವರ್ಗವಾದದ್ದು ಎಷ್ಟೋ ವರ್ಷದ ಮೇಲೆ. ಆಗೆಲ್ಲ ಫೋಟೋ ಇಟ್ಟುಕೊಳ್ಳುವಂತಿರಲಿಲ್ಲ. ಆ ಫೈಲಿನಲ್ಲಿ ಇದ್ದದ್ದು ಮುಖ್ಯವಾಗಿ ಒಂದೇ ಹಾಳೆ, ವ್ರತಪತ್ರ. ವ್ರತ ತೆಗೆದುಕೊಳ್ಳುವ ದಿನ ಪ್ರತಿಯೊಬ್ಬ ಸಿಸ್ಟರೂ ಅದನ್ನು ತನ್ನ ಕೈಯಾರೆ ಬರೆದು, ಬಲಿಪೀಠದ ಮೇಲಿಟ್ಟು ಸಹಿ ಹಾಕುತ್ತಾರೆ. ತಂಗಿಯ ಸಹಿಯ ಕೊನೆಯಲ್ಲಿ ಶಾಯಿ ಕಲಸಿಹೋಗಿತ್ತು. ಕೈ ನಡುಗಿತ್ತೋ ಏನೋ ಪಾಪ.

"ಅವಳು ಅಂತ ಒಬ್ಬಳು ಇದ್ದದ್ದಕ್ಕೆ ಉಳಿದದ್ದು ಇಷ್ಟೇ" ಅಂದರು ಸಿಸ್ಟರ್. "ನಾನು ಸತ್ತರೆ ನನ್ನ ರೂಮು ಖಾಲಿ ಮಾಡುವವರು ಯಾರೋ, ಎಂತ ಎಸೀತಾರೋ. ಇದು ಊರಿಗೆ ಹೋಗಿ ಭದ್ರ ಆಗ್ಬೇಕು ಮಗಳೇ. ದಾರೀಲಿ ಇದಕ್ಕೆ ಏನಾದ್ರೂ ಆದ್ರೆ ನಾನು ತಡ್ಕೊಳ್ಳೋದಿಲ್ಲ."

ಪೆಟ್ಟಿಗೆ ಕಟ್ಟುವ ದಿನ ಸಿಸ್ಟರ್ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ತಾವೇ ತುಂಬಿ, ಟೇಪು ಹಚ್ಚಿ, ಆಮೇಲೆ ಕರೆದರು. ಟೇಪು ನೋಡಿ ನನಗೆ ಸಮಾಧಾನವಾಗಲಿಲ್ಲ. ಹಡಗಿನಲ್ಲಿ ಹೋಗುವ ಪೆಟ್ಟಿಗೆ, ಇಷ್ಟು ಸಾಕೇ? ನಮ್ಮೂರಿನ ಪೋಸ್ಟಾಫೀಸಿಗೆ ಪಾರ್ಸೆಲ್ ಒಯ್ಯುವಾಗ ಅಮ್ಮ ಮಾಡುತ್ತಿದ್ದ ಹಾಗೆ ಹಳೆಯ ಬೆಡ್‌ಶೀಟು ಸುತ್ತಿ, ದಬ್ಬಣದಲ್ಲಿ ನಾಲ್ಕೂ ಕಡೆ ಹೊಲಿದೆ. ಹಗ್ಗ ಬಿಗಿದೆ. ಐರ್ಲೆಂಡಿನ ವಿಳಾಸವನ್ನು ಎಲ್ಲ ಬದಿಗೂ ಕಪ್ಪು ಮಾರ್ಕರಿನಲ್ಲಿ ಇಷ್ಟಿಷ್ಟು ದಪ್ಪಕ್ಕೆ ಬರೆದೆ. ಏನು ಚೆಂದ ಕಂಡಿತು ಅಂತೀರಿ! ಸಿಸ್ಟರ್ ಕೂಡ ಮೆಚ್ಚಿದರು.

ಪತ್ರಾಗಾರದ ಸಿಸ್ಟರ್ ಒಬ್ಬರು ಐರ್ಲೆಂಡಿನಿಂದ ಯಾವುದೋ ಸಭೆಗೆ ಲಂಡನ್ನಿಗೆ ಬಂದಿದ್ದರು. ಹಿಂದಿರುಗುವಾಗ ಪೆಟ್ಟಿಗೆಯನ್ನು ಅವರ ಕೈಗೆ ಕೊಡುವುದು ಎಂದಾಗಿತ್ತು. ಹಡಗಿಗೆ ಹೋಗುವ ರೈಲು ಯೂಸ್ಟನ್ ಸ್ಟೇಷನ್ನಿನಿಂದ. ನಾನೂ ಸಿಸ್ಟರೂ ಮಿನಿಕ್ಯಾಬಿನಲ್ಲಿ ಪೆಟ್ಟಿಗೆ ಹಾಕಿಕೊಂಡು ಬೇಗನೇ ಹೋಗಿ, ಡ್ರೈವರನ ಕೈಲಿ ಅದನ್ನು ಒಳಗೆ ಹೊರಿಸಿ, ರೈಲಿನ ಹೆಸರುಗಳು ಪಟಪಟ ಅಂತ ಮಗುಚಿಕೊಳ್ಳುವ ದೊಡ್ಡ ಬೋರ್ಡಿನ ಕೆಳಗೆ ಒಂದು ಕಂಬದ ಹತ್ತಿರ ನಿಂತೆವು. ಆ ಸಿಸ್ಟರ ಸುಳಿವಿಲ್ಲ. ನಮ್ಮ ಸಿಸ್ಟರಿಗೆ ಟಾಯ್ಲೆಟ್ಟಿಗೆ ಅವಸರ. ನನ್ನ ತೋಳು ಹಿಡಿಯದೆ ಅವರಿಗೆ ನಡೆಯಲಾಗುವುದಿಲ್ಲ, ಪೆಟ್ಟಿಗೆ ನನ್ನೊಬ್ಬಳಿಂದ ಎತ್ತಲಾಗುವುದಿಲ್ಲ. ಪಕ್ಕದಲ್ಲಿ ಮಗುವಿಗೆ ಚಿಪ್ಸ್ ತಿನ್ನಿಸುತ್ತಿದ್ದ ಹೆಂಗಸಿಗೆ "ಸ್ವಲ್ಪ ಇದನ್ನು ನೋಡಿಕೊಳ್ಳಿ, ಈಗ ಬಂದೆ" ಅಂದೆ. ಅವಳು ತಲೆಯಾಡಿಸಿದಳು. ಹುಟ್ಟಿದಾಗಿನಿಂದ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮಾಡಿಕೊಂಡು ಬಂದದ್ದು. ಚಿನ್ನದ ಬ್ಯಾಗಾದರೂ ಪಕ್ಕದವರಿಗೆ ಒಪ್ಪಿಸಿ ಹೋಗುವ ಜಾತಿ ನಮ್ಮದು.

ನಾವು ಹೊರಗೆ ಬರುವಷ್ಟರಲ್ಲಿ ಸೈರನ್ ಶುರುವಾಗಿತ್ತು. ಜನ ಬಾಗಿಲುಗಳ ಕಡೆಗೆ ನುಗ್ಗುತ್ತಿದ್ದರು. ಸ್ಟೇಷನ್ನಿನ ಒಬ್ಬ ನಮ್ಮಿಬ್ಬರ ಬೆನ್ನಿಗೆ ಕೈಕೊಟ್ಟು "ಹೊರಗೆ, ಹೊರಗೆ" ಎಂದು ದೂಡಿದ. ತಲೆಗಳ ನಡುವೆ ನಾನು ಕಂಬದ ಕಡೆ ನೋಡಿದೆ. ಹೆಂಗಸೂ ಇಲ್ಲ, ಮಗುವೂ ಇಲ್ಲ. ಅವಳ ರೈಲು ಬಂದಿರಬೇಕು, ಹೋಗಿದ್ದಾಳೆ. ನೆಲದ ಮೇಲೆ ನನ್ನ ಪೆಟ್ಟಿಗೆ ಒಂದೇ. ಯೇಸುವೇ! ಆಗ ಮೊದಲ ಬಾರಿ ಅದನ್ನು ಬೇರೆಯವರ ಕಣ್ಣಿನಿಂದ ನೋಡಿದೆ. ಬಟ್ಟೆಯಲ್ಲಿ ಹೊಲಿದು, ಹಗ್ಗ ಬಿಗಿದು, ಐರ್ಲೆಂಡ್ ಎಂದು ಮೈತುಂಬ ಬರೆದು ಬಿಟ್ಟುಹೋದ ಗಂಟು.

ರಸ್ತೆಯಾಚೆ ನಮ್ಮನ್ನೆಲ್ಲ ನಿಲ್ಲಿಸಿ, ಯಾರೂ ದಾಟದಂತೆ ಅಡ್ಡ ಟೇಪು ಎಳೆದರು. ಪೊಲೀಸ್ ವ್ಯಾನುಗಳು ಬಂದವು, ನಾಯಿ ಬಂತು. ಹಿಂದೆ ನಿಂತಿದ್ದ ಗಂಡಸೊಬ್ಬ "ಅಂಥ ಗಂಟನ್ನು ಇಟ್ಟಲ್ಲೇ ಸಿಡಿಸಿಬಿಡುತ್ತಾರೆ" ಎಂದು ಹೆಂಡತಿಗೆ ವಿವರಿಸುತ್ತಿದ್ದ. ಸಿಸ್ಟರ ಉಗುರು ನನ್ನ ತೋಳಿಗೆ ಊರಿತು.

ಹೋಗಿ ಹೇಳಬೇಕು. ಆದರೆ ಯಾರು? ನಮ್ಮ ಪಾಸ್‌ಪೋರ್ಟುಗಳೆಲ್ಲ ವೀಸಾ ಮುಂದುವರಿಸಲು ಸರಕಾರದ ಹೋಮ್ ಆಫೀಸಿನಲ್ಲಿ ಕೂತಿದ್ದವು. "ಏನೇ ಆಗ್ಲಿ, ಈಗ ಪೊಲೀಸಿನವರ ಹತ್ರ ಮಾತ್ರ ಹೋಗ್ಬೇಡ ಮಾರಾಯ್ತಿ, ಕೈಮುಗೀತೇನೆ" ಎಂದು ಗಂಡ ದಿನಾ ಹೇಳುತ್ತಿದ್ದ, ಬೀದಿಯಲ್ಲಿ ದಾರಿ ಕೇಳುವುದಕ್ಕೂ ಬೇಡವಂತೆ. ನನ್ನ ಹೆಸರು ಒಂದು ಪೊಲೀಸ್ ಕಾಗದದ ಮೇಲೆ ಬಿದ್ದರೆ ಮಕ್ಕಳ ಸ್ಕೂಲು, ಅವನ ಕೆಲಸ, ಎಲ್ಲದರ ಕಥೆ ಮುಗಿಯಿತು. ಆದರೂ ಸಿಸ್ಟರಿಗೆ "ನಾನು ಹೇಳ್ತೇನೆ" ಅಂದೆ. ಹೇಳಿದೆನೇ ಹೊರತು ಕಾಲು ಕದಲಲಿಲ್ಲ.

"ಬೇಡ, ನಿನಗೆ ಮಕ್ಕಳಿದ್ದಾರೆ" ಎಂದು ನನ್ನ ಕಿವಿಯಲ್ಲಿ ಉಸುರಿ, ಸಿಸ್ಟರ್ ಟೇಪನ್ನು ಎತ್ತಿ ಒಳಗೆ ನುಸುಳಿದರು. ಆ ಮಂಡಿಯಲ್ಲಿ ಅದು ಹೇಗೆ ಬಗ್ಗಿದರೋ. ನಂತರ ಕೂಗಿದರು. "ಸಿಡಿಸ್ಬೇಡಿ! ಅದು ನನ್ನದು, ನನ್ನ ಪೆಟ್ಟಿಗೆ!" ನಾನು ಮನೆಯೊಳಗೆ ಮಾತ್ರ ಕೇಳಿದ್ದ ಆ ರಾಗ, ಆ ಗುಂಪಿನ ಎದುರಿಗೆ ಬಿಚ್ಚಿಬಿದ್ದಿತು. ನನ್ನ ಪಕ್ಕದ ಜನ ಸದ್ದಿಲ್ಲದೆ ಹಿಂದೆ ಸರಿದರು. ಒಬ್ಬಳು "ಐರಿಶ್" ಅಂದಳು, ಅಷ್ಟೇ.

ಇಬ್ಬರು ಪೊಲೀಸರು ಅವರನ್ನು ಹಿಡಿದುಕೊಂಡು ವ್ಯಾನಿನ ಕಡೆ ನಡೆಸಿದರು. ಅದನ್ನು ಕಂಡ ಮೇಲೆ ನನ್ನ ಕಾಲು ಕದಲಿತು. ನಾನೂ ಟೇಪಿನಡಿ ನುಗ್ಗಿ, "ನಾನು ಅವರ ಜೊತೆಯವಳು, ಹೊಲಿದದ್ದು ನಾನು" ಎಂದು ಅರಚಿದೆ. ಅಧಿಕಾರಿಯೊಬ್ಬ ನನ್ನನ್ನು ಬೇರೆಯಾಗಿ ನಿಲ್ಲಿಸಿಕೊಂಡ. ಒರಟನೇನಲ್ಲ, ಆದರೆ ಅವನ ಕಣ್ಣು ನನ್ನ ಮುಖ ಬಿಟ್ಟು ಅಲ್ಲಾಡಲಿಲ್ಲ. ಹೆಸರು ಕೇಳಿದ, ವಿಳಾಸ ಕೇಳಿದ, ಈ ದೇಶದಲ್ಲಿ ಹೇಗಿದ್ದೀರಿ ಅಂತ ಕೇಳಿದ. ಎಲ್ಲ ಬರೆದುಕೊಂಡ.

"ಒಳಗೆ ಏನಿದೆ?"

"ಸತ್ತುಹೋದ ಸಿಸ್ಟರುಗಳ ಕಾಗದಗಳು."

"ಎಲ್ಲವನ್ನೂ ನೀವು ಕಣ್ಣಾರೆ ನೋಡಿದ್ದೀರಾ? ತುಂಬುವಾಗ ಅಲ್ಲಿದ್ದಿರಾ?"

ಆಗ ಆ ಮುಚ್ಚಿದ ಬಾಗಿಲು ನನ್ನ ಕಣ್ಣ ಮುಂದೆ ಬಂತು. ಯಾಕೆ ಹೊರಗೆ ಕಳಿಸಿದರು? ಜೊತೆಗಿದ್ದು ಜೋಡಿಸಿದವಳು ನಾನು, ನನ್ನಿಂದ ಮುಚ್ಚಿಡುವಂಥದ್ದು ಏನಿತ್ತು? ಇವರು ಯಾರು, ಇವರ ಅಣ್ಣತಮ್ಮಂದಿರು ಏನು ಮಾಡುತ್ತಾರೆ, ನನಗೇನು ಗೊತ್ತು? ದೇವರಾಣೆ, ಆ ಕ್ಷಣ ನಾನು ಸಿಸ್ಟರಿಗೇ ಹೆದರಿದೆ. ಅವರು ವ್ಯಾನಿನ ಮೆಟ್ಟಿಲ ಮೇಲೆ ಕೂತು, ಕೈಗಳನ್ನು ತೊಡೆಗಳ ನಡುವೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಅವರು ಹೇಳಿದ್ದು ನಿಜ. ಅದರಲ್ಲಿ ಅವರ ತಂಗಿಯ ಸಹಿ ಇದೆ. ದಯವಿಟ್ಟು ಸಿಡಿಸಬೇಡಿ ಸಾರ್" ಅಂದೆ. ಅಳು ಬಂದುಬಿಟ್ಟಿತು.

ಅವರ ಬಾಂಬ್ ತಜ್ಞನೊಬ್ಬ ಒಳಗೆ ಹೋಗಿ ಪರೀಕ್ಷಿಸಿ ಬಂದ. ಆಮೇಲೆ ನಮ್ಮಿಬ್ಬರನ್ನು ಒಳಗೆ ಕರೆದರು. ಅಷ್ಟು ದೊಡ್ಡ ಸ್ಟೇಷನ್ನಿನಲ್ಲಿ ಒಂದು ನರಪಿಳ್ಳೆಯಿಲ್ಲ, ಬೋರ್ಡು ಮಾತ್ರ ತನ್ನ ಪಾಡಿಗೆ ಪಟಪಟ ಮಗುಚಿಕೊಳ್ಳುತ್ತಿತ್ತು. ಅಧಿಕಾರಿ ನನ್ನ ಹೊಲಿಗೆಯನ್ನು ಚಾಕುವಿನಿಂದ ಸೀಳಿದ. ಒಂದೊಂದೇ ಫೈಲು ಹೊರಗೆ ತೆಗೆದು ನೆಲಕ್ಕಿಟ್ಟ. ತಂಗಿಯ ಫೈಲು ಬಂತು, ಹಾಳೆ ಭದ್ರವಾಗಿತ್ತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವನ ಕೈ ತಳದಲ್ಲಿ ಕಂದು ಕಾಗದ ಸುತ್ತಿದ ಒಂದು ಉದ್ದನೆಯ ಪೊಟ್ಟಣಕ್ಕೆ ತಗುಲಿತು.

"ಅದನ್ನು ಬಿಚ್ಬೇಡಿ!" ಸಿಸ್ಟರ್ ಕಿರುಚಿದರು.

ಅವನು ಕೈ ಹಿಂತೆಗೆದ. ನಮ್ಮ ಹಿಂದೆ ನಿಂತಿದ್ದ ಪೊಲೀಸರು ನಮ್ಮ ತೋಳು ಹಿಡಿದರು. ಇದೇ, ಇದಕ್ಕೇ ಬಾಗಿಲು ಹಾಕಿದ್ದು. ಎಂತ ಇಟ್ಟಿದ್ದಾರೆ ಈ ಮುದುಕಿ?

"ಕೂದಲು" ಅಂದರು ಸಿಸ್ಟರ್. ಧ್ವನಿ ಸತ್ತುಹೋಗಿತ್ತು. "ಬರೀ ಕೂದಲು."

ತಜ್ಞ ಬಂದು, ಕೈಗವಸು ಹಾಕಿಕೊಂಡು, ನಿಧಾನವಾಗಿ ಬಿಚ್ಚಿದ. ಜಡೆ. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ತಾಮ್ರದ ಬಣ್ಣ, ಎರಡೂ ತುದಿಗೆ ದಾರ ಕಟ್ಟಿದ್ದು. ಆ ಗಂಡಸರ ಮಧ್ಯೆ ಅದು ಹಾಗೆ ನೇತಾಡುತ್ತಿತ್ತು. ಅಧಿಕಾರಿ ಅದನ್ನು ತಾನೇ ಇಸಿದುಕೊಂಡು, ಮತ್ತೆ ಕಾಗದದಲ್ಲಿಟ್ಟು, ಸಿಸ್ಟರ ಕೈಗೆ ಕೊಟ್ಟ. "ಕ್ಷಮಿಸಿ ಸಿಸ್ಟರ್" ಅಂದ.

ಹೊಸದಾಗಿ ಸೇರಿದವರು ಮೊದಲ ಸಲ ಸಿಸ್ಟರುಗಳ ಉಡುಪು ತೊಡುವ ದಿನ ಅವರ ಕೂದಲು ಕತ್ತರಿಸುತ್ತಿದ್ದರು. ತಂಗಿಯ ಕೂದಲು ಕತ್ತರಿಸಿದ ದಿನ ನೆಲ ಗುಡಿಸುವ ಸರದಿ ಅಕ್ಕನದು. ಒಲೆಗೆ ಹಾಕು ಎಂದು ಹಿರಿಯರ ಅಪ್ಪಣೆ. ಅಕ್ಕ ಹಾಕಲಿಲ್ಲ. ಅಂದಿನಿಂದ ಅದು ಅವರ ದಿಂಬಿನೊಳಗೆ, ಮನೆಯಿಂದ ಮನೆಗೆ. ಸಿಕ್ಕಿಬಿದ್ದರೆ ಕಿತ್ತುಕೊಳ್ಳುತ್ತಾರೆಂಬ ಭಯದಲ್ಲಿ ಜೀವಮಾನವೆಲ್ಲ ತಾವೇ ದಿಂಬಿನ ಚೀಲ ಒಗೆದುಕೊಂಡಿದ್ದಾರೆ. ಈಗ ತಂಗಿಯ ಫೈಲಿನ ಜೊತೆ ಅದೂ ಊರು ಸೇರಲಿ, ಅಲ್ಲಿ ಬಿಚ್ಚಿದವರು ಎಸೆಯಲಾರರು ಅನ್ನುವುದು ಅವರ ಲೆಕ್ಕ. ಇದನ್ನೆಲ್ಲ ಅವರು ಹೇಳಿದ್ದು ಅದೇ ನೆಲದ ಮೇಲೆ, ನಾನು ಫೈಲುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ.

ಸ್ಟೇಷನ್ ತೆರೆದ ಮೇಲೆ ಪತ್ರಾಗಾರದ ಸಿಸ್ಟರ್ ಓಡೋಡಿ ಬಂದರು. ನಮ್ಮ ಸಿಸ್ಟರಿಗಿಂತ ಚಿಕ್ಕವರು, ಚುರುಕು, ಎಲ್ಲಕ್ಕೂ ಒಂದು ಪದ್ಧತಿ. ನಡೆದದ್ದನ್ನು ಕೇಳಿ ಶಿಲುಬೆಯ ಗುರುತು ಹಾಕಿಕೊಂಡರು. ಫೈಲುಗಳನ್ನು ತೆಗೆದುಕೊಂಡರು. ಪೊಟ್ಟಣ ಬಿಚ್ಚಿ ನೋಡಿ ಹಿಂದಕ್ಕೆ ಕೊಟ್ಟರು.

"ಇದನ್ನು ಇಡುವ ಹಾಗಿಲ್ಲ ಸಿಸ್ಟರ್. ಕೂದಲಿಗೆ ಹುಳ ಹಿಡೀತದೆ, ಅದು ಉಳಿದವರ ಕಾಗದಕ್ಕೂ ಹಬ್ಬುತ್ತದೆ. ನಮ್ಮಲ್ಲಿ ಕಾಗದ ಮಾತ್ರ."

ನಮ್ಮ ಸಿಸ್ಟರ್ ತಲೆಯಾಡಿಸಿದರು. ಅಷ್ಟು ವರ್ಷದ ವಿಧೇಯತೆ! ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಹುಟ್ಟಿದ್ದಕ್ಕೆ ಒಂದು ಸಲ ನಾನು ಸಿಸ್ಟರೊಬ್ಬರಿಗೆ ಎದುರು ಮಾತಾಡಿದ್ದು ಅಲ್ಲಿ. "ದೇವರಿಗೆ ಅವಳು ಮೊದಲು ಕೊಟ್ಟದ್ದು ಇದನ್ನು ಸಿಸ್ಟರ್! ನಿಮ್ಮ ಕಾಗದ ಬರೆದದ್ದು ಆಮೇಲೆ! ಕಾಗದಕ್ಕೆ ಕಪಾಟುಂಟು, ಇದಕ್ಕೆ ಜಾಗ ಇಲ್ವಾ?" ಅವರು ಕೆಂಪಾದರು, ಪೆಟ್ಟಿಗೆಯನ್ನು ಪೋರ್ಟರನ ಗಾಡಿಗೆ ಹಾಕಿಸಿದರು. ರೈಲು ಕೂಗಿತು, ಹೋದರು.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಕುರ್ಚಿಯಲ್ಲಿ ಕುಸಿದ. "ಹೆಸರು ಬರ್ಕೊಂಡ್ರಾ? ವಿಳಾಸವೂ? ಮುಗೀತು, ಪೆಟ್ಟಿಗೆ ಕಟ್ಟು" ಅಂದ. ಪಾಸ್‌ಪೋರ್ಟುಗಳು ಠಸ್ಸೆ ಹೊತ್ತು ವಾಪಸು ಬರುವ ತನಕ ನಾವಿಬ್ಬರೂ ಅಂಚೆಯವನ ನೆರಳು ಕಂಡರೆ ಬೆಚ್ಚುತ್ತಿದ್ದೆವು.

ಕಾನ್ವೆಂಟು ಮುಚ್ಚಿತು. ಸಿಸ್ಟರನ್ನು, ವಯಸ್ಸಾದ ಸಿಸ್ಟರುಗಳಿಗಾಗಿ ಸಂಸ್ಥೆ ನಡೆಸುವ ನರ್ಸಿಂಗ್ ಹೋಮಿಗೆ ಸಾಗಿಸಿದರು. ಅಲ್ಲಿ ದಿಂಬು ಬದಲಿಸುವವರು ಬೇರೆಯವರು. ಹೊರಡುವ ದಿನ ಪೊಟ್ಟಣವನ್ನು ನನ್ನ ಬ್ಯಾಗಿಗೆ ತುರುಕಿ, "ನನ್ನನ್ನು ಪೆಟ್ಟಿಗೆಯಲ್ಲಿಡುವಾಗ ಜೊತೆಗೆ ಹಾಕು. ಯಾರಿಗೂ ಕಾಣಿಸ್ಬೇಡ, ಒಲೆಗೆ ಹಾಕಿಯಾರು. ಮಾತು ಕೊಡು" ಅಂದರು. ಕೊಟ್ಟೆ. ಸೀರೆಗಳ ನಡುವೆ ನುಸಿಗುಳಿಗೆ ಹಾಕಿ ಇಟ್ಟೆ. ಸತ್ತವರ ಕೂದಲು ಮನೆಯಲ್ಲಿಟ್ಟುಕೊಳ್ಳುವುದುಂಟಾ ಎಂದು ಗಂಡ ಗೊಣಗಿದ. ನನಗೂ ಭಯವಿತ್ತು, ಕಪಾಟು ತೆಗೆಯುವಾಗೆಲ್ಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆ. ಅದಕ್ಕಿಂತ ದೊಡ್ಡ ಭಯ, ಅವರು ತೀರಿಕೊಂಡದ್ದು ನನಗೆ ತಡವಾಗಿ ತಿಳಿದರೆ ಎಂಬುದು. ಅವರಿಗಾದ ಹಾಗೆ ನನಗೂ ಆದರೆ?

ಎರಡು ಸಾವಿರ ದಾಟಿದ ಮೇಲೆ, ಒಂದು ಮಳೆಯ ಬೆಳಿಗ್ಗೆ ಫೋನ್ ಬಂತು. ನಾನು ಓಡಿದೆ. ಹೋಮಿನ ಚಾಪೆಲ್ಲಿನಲ್ಲಿ ಶವಪೆಟ್ಟಿಗೆ ಇನ್ನೂ ತೆರೆದಿತ್ತು. ಅವರ ಇಷ್ಟದಂತೆ ಹಳೆಯ ಉದ್ದನೆಯ ಕಪ್ಪು ಉಡುಪು ತೊಡಿಸಿದ್ದರು. ಮುಚ್ಚಳ ಹಾಕುವವರು ಬಾಗಿಲ ಹೊರಗೆ ಕಾಯುತ್ತಿದ್ದರು. ಒಳಗೆ ಯಾರೂ ಇಲ್ಲ. ಪೊಟ್ಟಣ ಬಿಚ್ಚಿ, ಜಡೆಯನ್ನು ಅವರ ಉಡುಪಿನ ಅಗಲವಾದ ತೋಳಿನೊಳಗೆ ತಳ್ಳಿದೆ. ತಣ್ಣಗಿನ ಕೈಗೆ ಜಪಮಾಲೆ ಬಿಗಿದಿದ್ದರು, ಅದಕ್ಕೆ ಸಿಕ್ಕಿಕೊಂಡು ಒಳಗೆ ಹೋಗಲೊಲ್ಲದು. ಹಿಂದೆ ಹೆಜ್ಜೆ ಸದ್ದಾಯಿತು.

ಪತ್ರಾಗಾರದ ಸಿಸ್ಟರ್. ಅಂತ್ಯಕ್ರಿಯೆಗೆಂದು ಐರ್ಲೆಂಡಿನಿಂದ ಬಂದಿದ್ದರು, ಈಗ ಅವರೇ ಸಂಸ್ಥೆಯ ಹಿರಿಯರು. ಮೊದಲು ನನ್ನ ಮುಖ ನೋಡಿದರು, ನಂತರ ತೋಳಿನಿಂದ ಹೊರಗೆ ಇಣುಕುತ್ತಿದ್ದ ತಾಮ್ರದ ಬಣ್ಣದ ತುದಿಯನ್ನು. ಬೇಡ ಅನ್ನುತ್ತಾರೆ, ತೆಗೆ ಅನ್ನುತ್ತಾರೆ. ಜಡೆಯ ಮೇಲಿಟ್ಟ ಕೈಯನ್ನು ನಾನು ತೆಗೆಯಲಿಲ್ಲ.

ಅವರು ಬಾಗಿ, ಜಪಮಾಲೆಯ ಮಣಿಯನ್ನು ಬೆರಳಿನಿಂದ ಬಿಡಿಸಿ, ಜಡೆಯ ತುದಿಯನ್ನು ಮೆಲ್ಲಗೆ ತೋಳಿನೊಳಗೆ ಸೇರಿಸಿದರು. ಬಟ್ಟೆಯನ್ನು ಮಣಿಕಟ್ಟಿನ ತನಕ ಎಳೆದು ಸರಿಮಾಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ಹೊರಗಿನವರಿಗೆ ಕೇಳುವ ಹಾಗೆ, "ಇನ್ನು ಮುಚ್ಚಬಹುದು" ಅಂದರು.